ಕ್ರೂಸರ್ ಬೈಕಿಗೆ ಹೊಸ ಶಾಕ್: ಹಾಕಿಸಬೇಕೆ, ಬಿಡಬೇಕೆ?

ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಸಂಪಾಜೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಕ್ರೂಸರ್ ಬೈಕ್ ಓಡಿಸುವವರಿಗೆ ದೂರುವುದಕ್ಕೆ ಹೆಚ್ಚೇನೂ ಇಲ್ಲ. ಕಷ್ಟ ಶುರುವಾಗುವುದು ಹೆದ್ದಾರಿ ಬಿಟ್ಟು ಮನೆಯ ಕಡೆ ತಿರುಗಿದ ಮೇಲೆ. ಬೆಳ್ಳಾರೆ, ಪಂಜ, ಗುತ್ತಿಗಾರು, ಕಾಣಿಯೂರು ಸುತ್ತಿನ ಎಷ್ಟೋ ತೋಟದ ದಾರಿಗಳಲ್ಲಿ ಏರು ಇರುವಲ್ಲಿ ಮಾತ್ರ ಕಾಂಕ್ರೀಟ್, ಉಳಿದದ್ದು ಮಣ್ಣು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಾಂಕ್ರೀಟ್ ಮುಗಿಯುವ ಜಾಗದ ಮಣ್ಣು ಕೊಚ್ಚಿಹೋಗಿ ನಾಲ್ಕು ಬೆರಳಿನ ಮೆಟ್ಟಿಲು ಎದ್ದಿರುತ್ತದೆ. ಅದರಿಂದ ಇಳಿದಾಗ ಸೊಂಟಕ್ಕೆ ಬೀಳುವ ಪೆಟ್ಟೇ ಬಹಳ ಮಂದಿಯನ್ನು ಹೊಸ ಶಾಕ್ ಅಬ್ಸಾರ್ಬರ್ (ಶಾಕ್) ಹುಡುಕುವಂತೆ ಮಾಡುವುದು.

ಕ್ರೂಸರಿನ ಆಕರ್ಷಣೆಯೂ ತೊಂದರೆಯೂ ಒಂದೇ, ಅದರ ತಗ್ಗು ಸೀಟು. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350ರ ಸೀಟಿನ ಎತ್ತರ 765 ಮಿ.ಮೀ., ತೂಕ 191 ಕೆ.ಜಿ. 2023ರ ಸೂಪರ್ ಮೀಟಿಯರ್ 650ರ ಸೀಟು ಇನ್ನೂ ತಗ್ಗು, 740 ಮಿ.ಮೀ.; ತೂಕ 241 ಕೆ.ಜಿ. ಸೀಟು ಕೆಳಗಿಳಿದಷ್ಟೂ ಹಿಂದಿನ ಚಕ್ರ ಮೇಲೆ ಕೆಳಗೆ ಆಡಲು ಜಾಗ ಕಡಿಮೆ. ಸೂಪರ್ ಮೀಟಿಯರಿನ ಹಿಂಬದಿಯಲ್ಲಿ ಈ ಓಡಾಟ 101 ಮಿ.ಮೀ. ಮಾತ್ರ. ಕಾಲು ಮುಂದೆ ಚಾಚಿ ಕೂರುವುದರಿಂದ ಸವಾರನ ಭಾರವೆಲ್ಲ ಹಿಂಬದಿಯ ಮೇಲೆಯೇ. ಸಾಧಾರಣ ಬೈಕಿನಲ್ಲಾದರೆ ಗುಂಡಿ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲಬಹುದು, ಇಲ್ಲಿ ಆ ಉಪಾಯವೂ ಸುಲಭವಲ್ಲ.

ಬದಲಿಸಬೇಕು ಎನ್ನುವವರ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಓಡಾಟ ಕಡಿಮೆಯಿದ್ದರೆ ಇರುವಷ್ಟನ್ನು ಚೆನ್ನಾಗಿ ಬಳಸಬೇಕು. ಕಂಪೆನಿ ಹಾಕುವ ಸ್ಪ್ರಿಂಗು ಸರಾಸರಿ ತೂಕದ ಸವಾರನನ್ನು ಲೆಕ್ಕಹಿಡಿದದ್ದು. ಹಿಂದೆ ಮಡದಿ, ಬದಿಯಲ್ಲಿ ಚೀಲ ಸೇರಿದರೆ ಹಿಂದಿನ ಶಾಕ್ ನಿಂತಲ್ಲೇ ಅರ್ಧ ಕುಸಿದಿರುತ್ತದೆ, ಮುಂದಿನ ಗುಂಡಿಗೆ ತಳ ಬಡಿಯುತ್ತದೆ. ತೂಕಕ್ಕೆ ತಕ್ಕ ಸ್ಪ್ರಿಂಗು, ಒತ್ತಿದ ಸ್ಪ್ರಿಂಗು ಚಿಮ್ಮಿ ಏಳದಂತೆ ಹಿಡಿಯುವ ಒಳ್ಳೆಯ ಡ್ಯಾಂಪಿಂಗ್ ಸಿಕ್ಕರೆ ಅದೇ ನೂರು ಮಿ.ಮೀ. ಬೇರೆಯೇ ಅನುಭವ ಕೊಡುತ್ತದೆ. ಗ್ಯಾಸ್ ತುಂಬಿದ ಶಾಕ್‌ಗಳಲ್ಲಿ ಎಣ್ಣೆ ಸುಲಭಕ್ಕೆ ನೊರೆಯೇಳುವುದಿಲ್ಲ. ಹಾಗಾಗಿ ಉದ್ದ ದಾರಿಯಲ್ಲೂ ಹಿಡಿತ ಸಡಿಲವಾಗದು.

ಮುಂಭಾಗದ ವಾದ ಇದಕ್ಕಿಂತ ಗಟ್ಟಿ. ಮಡಿಕೇರಿ ಇರುವುದು ಸಾವಿರ ಮೀಟರಿಗೂ ಮೇಲೆ. ಅಲ್ಲಿಂದ ಸಂಪಾಜೆಗೆ ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಕು. ಹಿಡಿದಾಗ ಮುಂದಿನ ಚಕ್ರ ಹೊತ್ತ ಫೋರ್ಕ್ ಮುಗ್ಗರಿಸಿದಂತೆ ಕೆಳಗಿಳಿಯುತ್ತದೆ. ತಿರುವಿನಲ್ಲಿ ಗುಂಡಿ ಎದುರಾಗುವ ಹೊತ್ತಿಗೆ ಮುಂದಿನ ಓಡಾಟದ ದೊಡ್ಡ ಪಾಲು ಖರ್ಚಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ಚಕ್ರ ಒಂದು ಕ್ಷಣ ಹಾರಿದರೂ ಅಷ್ಟು ಹೊತ್ತು ಬ್ರೇಕ್ ಇಲ್ಲವೆಂದೇ ಲೆಕ್ಕ. ಮೊದಲು ಮೆದುವಾಗಿ, ಒತ್ತಿದಷ್ಟೂ ಬಿಗಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಿ ಸರಿಯಾದ ಎಣ್ಣೆ ತುಂಬಿಸಿದರೆ ಈ ಕುಸಿತ ಕಡಿಮೆಯಾಗುತ್ತದೆ. ಇದನ್ನು ಬರೀ ಸುಖದ ಖರ್ಚು ಎಂದು ತಳ್ಳಿಹಾಕುವಂತಿಲ್ಲ.

ಬೇಡ ಎನ್ನುವವರ ಮಾತಿಗೂ ಅಷ್ಟೇ ತೂಕವಿದೆ. ಎಷ್ಟೇ ದುಡ್ಡು ಸುರಿದರೂ ತಗ್ಗು ಬೈಕಿನ ಓಡಾಟ ಹೆಚ್ಚು ಬೆಳೆಯುವುದಿಲ್ಲ. ರಾಯಲ್ ಎನ್‌ಫೀಲ್ಡ್‌ನದೇ ಎತ್ತರದ ಬೈಕಾದ 2016ರ ಹಿಮಾಲಯನ್‌ನಲ್ಲಿ ಮುಂದೆ 200, ಹಿಂದೆ 180 ಮಿ.ಮೀ. ಓಡಾಟವಿತ್ತು, ಆ ಅಂತರವನ್ನು ಯಾವ ಶಾಕ್ ಕೂಡ ತುಂಬಿಕೊಡದು. ಎತ್ತರಕ್ಕೆಂದು ಹಿಂದೆ ಉದ್ದದ ಶಾಕ್ ಹಾಕಿಸಿದರೆ ಬೈಕ್ ಮುಂದಕ್ಕೆ ಬಾಗುತ್ತದೆ, ಫೋರ್ಕ್ ಹೆಚ್ಚು ನೇರವಾಗುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ, ಜೊತೆಗೆ ವೇಗದಲ್ಲಿನ ಸ್ಥಿರತೆ ಒಂದಿಷ್ಟು ಹೋಗುತ್ತದೆ. ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಾಗ ಬೈಕ್ ಅಪಾಯವೆನಿಸುವಷ್ಟು ವಾಲುತ್ತದೆ, ಚೈನಿನ ಸಡಿಲವನ್ನು ಮತ್ತೆ ನೋಡಬೇಕಾಗುತ್ತದೆ. ಫೋರ್ಕಿಗೆ ದಪ್ಪ ಎಣ್ಣೆ ತುಂಬಿಸುವ ಅಗ್ಗದ ದಾರಿಯಲ್ಲೂ ಮೋಸವಿದೆ. ಸಾಲು ಸಾಲು ಉಬ್ಬುತಗ್ಗಿನಲ್ಲಿ ಫೋರ್ಕ್ ಸಮಯಕ್ಕೆ ಮೇಲೇಳಲಾರದೆ ಪ್ರತಿ ಪೆಟ್ಟಿಗೂ ಇನ್ನಷ್ಟು ಕುಸಿಯುತ್ತ ಹೋಗುತ್ತದೆ.

ನಮ್ಮ ಹವೆಯೂ ಬೇಡ ಎನ್ನುವವರ ಪರವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುರಕಲ್ಲಿನ ಕೆಂಪು ಕೆಸರು ಫೋರ್ಕಿನ ಕೊಳವೆಗೆ, ಶಾಕ್‌ನ ಸರಳಿಗೆ ಮೆತ್ತಿ ಒಣಗುತ್ತದೆ. ಆ ಪುಡಿ ಸೀಲನ್ನು ಉಜ್ಜುತ್ತದೆ, ಸೀಲು ಹೋದರೆ ಎಣ್ಣೆ ಸೋರುತ್ತದೆ. ಕೆಸರಿಗೆ ಬೆಲೆಯ ಭೇದವಿಲ್ಲ. ದುಬಾರಿ ಶಾಕ್ ಕೂಡ ಹೀಗೆಯೇ ಸೋರುತ್ತದೆ. ಅದನ್ನು ಬಿಚ್ಚಿ ಮತ್ತೆ ಕಟ್ಟಬಹುದು ಎಂಬುದು ನಿಜವಾದ ಅನುಕೂಲ, ಆದರೆ ಅದರೊಳಗೆ ನೈಟ್ರೋಜನ್ ಗ್ಯಾಸ್ ತುಂಬುವ ಕೆಲಸ ಎಲ್ಲ ಗ್ಯಾರೇಜಿನಲ್ಲೂ ಆಗುವುದಲ್ಲ.

ಕಾನೂನಿನ ಭಯವನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಹಿಗ್ಗಿಸಿ ಕುಗ್ಗಿಸುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುವುದು ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದ ಮಾರ್ಪಾಡನ್ನು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ಉದ್ದದ, ಅದೇ ಬೋಲ್ಟಿಗೆ ಕೂರುವ ಶಾಕ್ ಬೇರೆ, ಚಾಸಿಗೆ ಬೆಸುಗೆ ಹಾಕಿ ಕೂರಿಸುವ ಜೋಡಣೆ ಬೇರೆ. ಎರಡನೆಯದನ್ನು ಮಾಡಿಸಿಕೊಂಡು ಜಾಲ್ಸೂರಿನಿಂದ ಕಾಸರಗೋಡಿಗೆ ಇಳಿಯುವವರು ಕೇರಳದ ಮೋಟಾರು ವಾಹನ ಇಲಾಖೆ ಇಂಥದ್ದರಲ್ಲಿ ಬಿಗಿ ಎಂಬುದನ್ನು ಮರೆಯಬಾರದು. ವಾರಂಟಿ ಇರುವ ಬೈಕಾದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಹಿರಿಯರ ವಾದವೊಂದಿದೆ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಯಾವ ಹೊಸ ಶಾಕೂ ಇಲ್ಲದೆ ಇದೇ ಗುಡ್ಡಗಳನ್ನು ಹತ್ತಿಳಿದಿಲ್ಲವೇ? ಹತ್ತಿಳಿದಿವೆ. ಆದರೆ ಅವು ಈಗಿನ ಕ್ರೂಸರ್‌ಗಳಿಗಿಂತ ಹಗುರ, ಓಡಿಸಿದವರೂ ಇಂದಿನ ವೇಗದಲ್ಲಿ ಓಡಿಸಿದವರಲ್ಲ. ವೇಗ ಇಳಿಸುವುದು ಇವತ್ತಿಗೂ ಎಲ್ಲಕ್ಕಿಂತ ಅಗ್ಗದ ಪರಿಹಾರ ಎಂಬುದನ್ನು ಮಾತ್ರ ಈ ವಾದದಿಂದ ಒಪ್ಪಬಹುದು.

ಎರಡನ್ನೂ ತೂಗಿದರೆ ನನಗೆ ಕಾಣುವುದಿಷ್ಟು: ಹಾಕಿಸಬೇಕೆ ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಿಸಬೇಕು ಎಂಬ ಪ್ರಶ್ನೆ ದೊಡ್ಡದು. ನೋವು ಹಿಂದೆ ಆಗುವುದರಿಂದ ಎಲ್ಲರ ಕೈ ಮೊದಲು ಹಿಂದಿನ ಶಾಕ್‌ಗೇ ಹೋಗುತ್ತದೆ. ಅದು ತಿರುಗುಮುರುಗು ಕ್ರಮ. ಮೊದಲು ಖರ್ಚಿಲ್ಲದ ಪರೀಕ್ಷೆ. ಸವಾರ ಕೂತಾಗ ಬೈಕ್ ಎಷ್ಟು ಇಳಿಯುತ್ತದೆ ಎಂದು ಟೇಪಿನಲ್ಲಿ ಅಳೆಯುವುದು. ಒಟ್ಟು ಓಡಾಟದ ಮೂರನೇ ಒಂದಕ್ಕಿಂತ ಹೆಚ್ಚಿಳಿದರೆ ಸ್ಪ್ರಿಂಗು ಸಡಿಲ ಎಂದೇ ತಿಳಿಯಬಹುದು. ಮೀಟಿಯರ್ 350ರ ಮುಂದಿನ ಓಡಾಟ 130 ಮಿ.ಮೀ. ಇರುವುದರಿಂದ ಅಲ್ಲಿ ಈ ಗಡಿ 40 ಮಿ.ಮೀ. ಆಸುಪಾಸು. ಅದರ ಹಿಂದಿನ ಶಾಕ್‌ಗಳಿಗೆ ಆರು ಹಂತದ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ, ಇದೆ. ಕೊಂಡ ದಿನದಿಂದ ಅದನ್ನು ಮುಟ್ಟದೆ ಹೊಸ ಶಾಕ್ ಕೊಳ್ಳಲು ಹೊರಡುವುದು ಅವಸರ. ಟಯರಿನ ಗಾಳಿ, ಸ್ವಿಂಗ್ ಆರ್ಮಿನ ಬುಶ್, ಹ್ಯಾಂಡಲ್ ಬೇರಿಂಗ್ ನೋಡಿಸುವುದೂ ಇದರ ಜೊತೆಗೇ ಆಗಬೇಕು.

ಅಷ್ಟಾದರೂ ಸಮಾಧಾನವಿಲ್ಲವೆಂದರೆ ಫೋರ್ಕಿನ ಎಣ್ಣೆ, ಸ್ಪ್ರಿಂಗು ಬದಲಿಸಲಿ. ಘಾಟಿ ಇಳಿಯುವವರಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಸಿಗುವುದು ಇಲ್ಲಿ. ಹಿಂದೆ ಸದಾ ಒಬ್ಬರನ್ನು ಕೂರಿಸಿಕೊಂಡು ಮಣ್ಣಿನ ದಾರಿ ಹಿಡಿಯುವವರಿಗೆ ಅದೇ ಉದ್ದದ ಒಳ್ಳೆಯ ಹಿಂದಿನ ಶಾಕ್ ಸಾರ್ಥಕ ಖರ್ಚು. ಒಬ್ಬರೇ ಪುತ್ತೂರು–ಸುಳ್ಯ ನಡುವೆ ಹೆದ್ದಾರಿಯಲ್ಲೇ ಓಡಾಡುವವರು ಆ ಹಣವನ್ನು ಒಳ್ಳೆಯ ಟಯರಿಗೆ ಹಾಕಿದರೆ ಮಳೆಗಾಲದಲ್ಲಿ ಹೆಚ್ಚು ಪ್ರಯೋಜನ. ಕಡಬದ ಒಳಭಾಗದಲ್ಲಿ ಮನೆಯಿದ್ದು ದಿನದ ದಾರಿಯ ಬಹುಪಾಲು ಮಣ್ಣೇ ಆಗಿದ್ದರೆ, ಕ್ರೂಸರನ್ನು ತಿದ್ದುವ ಬದಲು ಎತ್ತರದ ಬೈಕು ಕೊಳ್ಳುವುದೇ ಲೆಕ್ಕಕ್ಕೆ ಸರಿಹೋಗುತ್ತದೆ.