ಔಷಧದ ಅರಿವು ಯಾರ ಸ್ವತ್ತು?

ಔಷಧ ಕಾರ್ಖಾನೆಗಳ ಮಾಲೀಕರಲ್ಲಿ ಈಗ ‘ಜ್ಞಾನ ನಿರ್ವಹಣೆ’ ಎಂಬ ಮಾತು ಬಹಳವಾಗಿ ಓಡಾಡುತ್ತಿದೆ. ಹೆಸರು ದೊಡ್ಡದು, ವಿಷಯ ಸರಳ. ಒಂದೊಂದು ಬ್ಯಾಚಿಗೂ ಯಾವ ಸಾಮಾನು ಎಷ್ಟು ಬಿತ್ತು, ಎಷ್ಟು ಕಾವಿನಲ್ಲಿ ಎಷ್ಟು ಹೊತ್ತು ಇತ್ತು, ಎಲ್ಲಿ ತಪ್ಪಿತು, ಹೇಗೆ ತಿದ್ದಲಾಯಿತು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಬರೆದಿಟ್ಟು ಮುಂದಿನ ಕೆಲಸಕ್ಕೆ ಬಳಸಿಕೊಳ್ಳುವುದು. 2008ರ ‘ಕ್ಯೂ 10’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಹೇಳಿತು. 2023ರ ಕೊನೆಯಲ್ಲಿ ಕೇಂದ್ರ ಸರ್ಕಾರ ಪರಿಷ್ಕರಿಸಿದ ಷೆಡ್ಯೂಲ್ ಎಂ ನಿಯಮವೂ ಕಾರ್ಖಾನೆಯ ದಾಖಲೆಗಳನ್ನು ಬಿಗಿಗೊಳಿಸಿದೆ. ಇದು ಒಳ್ಳೆಯದೇ. ಆದರೆ ಬರೆಯುವವರು ಯಾರು, ಓದುವವರು ಯಾರು ಎಂದು ದುಡಿಯುವ ಜನ ಕೇಳಲೇಬೇಕು.

ಬರೆಯುವವನು ಯಂತ್ರದ ಮುಂದೆ ನಿಂತ ಕಾರ್ಮಿಕ. ಅವನು ಗುತ್ತಿಗೆಯವನಾಗಿದ್ದು, ತಪ್ಪಾಯಿತೆಂದು ಬರೆದರೆ ನಾಳೆ ಕೆಲಸವಿಲ್ಲವೆಂಬ ಹೆದರಿಕೆಯಿದ್ದರೆ ‘ಎಲ್ಲವೂ ಸರಿ’ ಎಂದೇ ಬರೆಯುತ್ತಾನೆ. ಎಷ್ಟೇ ಬೆಲೆಯ ಕಂಪ್ಯೂಟರಾದರೂ ಅದರಲ್ಲಿ ಸುಳ್ಳೇ ಶೇಖರವಾಗುತ್ತದೆ. ಈ ಹೆದರಿಕೆ ಬರಿಯ ಕಲ್ಪನೆಯಲ್ಲ. ಕೆ.ಆರ್. ಪುರದ ಬಳಿಯ ಐ.ಟಿ.ಐ. ಕಾರ್ಖಾನೆಯಲ್ಲಿ 2021ರ ಡಿಸೆಂಬರಿನಲ್ಲಿ 80 ಮಂದಿ ಗುತ್ತಿಗೆ ಕಾರ್ಮಿಕರನ್ನು ಗೇಟಿನ ಹೊರಗೆ ನಿಲ್ಲಿಸಿದ್ದನ್ನು ಈ ಭಾಗದವರೆಲ್ಲ ಬಲ್ಲರು. ವರ್ಷಗಟ್ಟಲೆ ದುಡಿದವರಿಗೇ ಆ ಗತಿ.

ಇನ್ನು ಓದುವವರ ಮಾತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಶಸ್ತ್ರಕ್ರಿಯೆಯಾದ ಐವರು ಬಾಣಂತಿಯರು ತೀರಿಕೊಂಡರು. ಪಶ್ಚಿಮ ಬಂಗ ಫಾರ್ಮಾಸ್ಯೂಟಿಕಲ್ಸ್ ಕಂಪನಿಯ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಸರ್ಕಾರವೇ ಅನುಮಾನಪಟ್ಟಿತು. ಆ ಕಂಪನಿಯ ಕೆಲವು ಬ್ಯಾಚುಗಳು ಕಳಪೆಯೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಕಂಡಿತ್ತು. ಕೇಂದ್ರದ ಪ್ರಯೋಗಾಲಯ ಕೆಲವನ್ನು ಸರಿಯೆಂದಿತ್ತು. ಅರಿವು ಕಡತದಲ್ಲಿ ಕುಳಿತಿತ್ತು, ದ್ರವ ವಾರ್ಡಿನಲ್ಲಿ ಇಳಿಯುತ್ತಿತ್ತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದಲ್ಲಿ ಇನ್ನೊಬ್ಬ ಬಾಣಂತಿ ಸತ್ತಾಗಲೂ ಅದೇ ಕಂಪನಿಯ ದ್ರವದ ಮೇಲೆ ಅನುಮಾನ ಬಂತು!

ಬೌರಿಂಗ್ ಆಸ್ಪತ್ರೆಯ ಸುತ್ತಲೂ ಹಲಸೂರಿನಲ್ಲೂ ಔಷಧದಂಗಡಿ ನಡೆಸುವ ಸಣ್ಣ ವರ್ತಕರ ಪಾಡೂ ಇದೇ. ಕೇಂದ್ರದ ಔಷಧ ಇಲಾಖೆ ಕಳಪೆ ಔಷಧಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅಷ್ಟರಲ್ಲಿ ಸೀಸೆ ಮಾರಾಟವಾಗಿ ರೋಗಿಯ ಹೊಟ್ಟೆ ಸೇರಿರುತ್ತದೆ. ಜನರ ಸಿಟ್ಟು ಮಾತ್ರ ಅಂಗಡಿಯವನ ಮೇಲೆ.

ತಯಾರಿಕೆಯ ಗುಟ್ಟು ಬಯಲಾಗುತ್ತದೆಂದು ಮಾಲೀಕರು ಕೂಗಿಯಾರು. ಗುಟ್ಟನ್ನು ಯಾರೂ ಕೇಳುತ್ತಿಲ್ಲ. ನಾವು ಕೇಳುವುದು ಎರಡೇ. ದಾಖಲೆ ಬರೆಯುವ ಕಾರ್ಮಿಕನ ಕೆಲಸ ಖಾಯಂ ಆಗಬೇಕು, ತಪ್ಪನ್ನು ತಿಳಿಸಿದವನಿಗೆ ಶಿಕ್ಷೆ ಕೂಡದು. ಯಾವ ಪ್ರಯೋಗಾಲಯದಲ್ಲಿ ಬ್ಯಾಚು ಕಳಪೆಯೆಂದು ಕಂಡರೂ ಅದರ ನಂಬರು ಅದೇ ದಿನ ಎಲ್ಲ ರಾಜ್ಯಗಳ ಆಸ್ಪತ್ರೆಗೂ ಅಂಗಡಿಗೂ ತಲುಪಬೇಕು.

ಪೀಣ್ಯದಲ್ಲಿ 1981ರಲ್ಲಿ ಹುಟ್ಟಿದ ಕರ್ನಾಟಕ ಆಂಟಿಬಯಾಟಿಕ್ಸ್ ಸಾರ್ವಜನಿಕ ಕಾರ್ಖಾನೆ. ಕಾರ್ಮಿಕನಿಗೆ ಈ ಭದ್ರತೆಯನ್ನು ಬರವಣಿಗೆಯಲ್ಲಿ ಕೊಟ್ಟು ಅದು ಮೊದಲ ಹೆಜ್ಜೆ ಇಡಲಿ. ಖಾಸಗಿಯವರು ಹಿಂದೆ ಬರಲೇಬೇಕಾಗುತ್ತದೆ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಒಟ್ಟಿಗೆ ಕುಳಿತು ಈ ಎರಡು ಬೇಡಿಕೆಗಳ ನಿರ್ಣಯ ಮಾಡಿ ಆರೋಗ್ಯ ಮಂತ್ರಿಗಳಿಗೆ ಕಳುಹಿಸಲಿ.