ಲಕ್ಷದ ಸೈಕಲ್ಲಿನ ಹವ್ಯಾಸಿಗಳು

ಬೆಟ್ಟದ ಸೈಕಲ್ ರೇಸುಗಳಲ್ಲಿ ‘ಹವ್ಯಾಸಿ’ ಎಂಬ ಪದವನ್ನು ಬಳಸುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ನಾಲ್ಕು ವರ್ಷಗಳಿಂದ ಕೊಡಗು, ಚಿಕ್ಕಮಗಳೂರು, ಬೆಂಗಳೂರಿನ ಸುತ್ತಮುತ್ತ ಇಂಥ ರೇಸುಗಳಿಗೂ ಅವುಗಳ ಹೆಸರಿನ ಉತ್ಸವಗಳಿಗೂ ಹೋಗಿ ಬರುತ್ತಿದ್ದೇನೆ. ಮೂವತ್ತು ಸಾವಿರದ ಸೈಕಲ್ಲಿನಲ್ಲಿ, ಗುಂಪಿನ ಹಿಂದೆ ಉಳಿದು ಮುಗಿಸುವ ಸವಾರ ನಾನು. ಹೆಸರು ನೋಂದಾಯಿಸುವಾಗ ಅಲ್ಲಿ ಎರಡು ದೊಡ್ಡ ವಿಭಾಗ. ವಿಜಯಪುರ, ಬಾಗಲಕೋಟೆ, ಗದಗದ ಕಡೆಯ ಕ್ರೀಡಾ ವಸತಿ ನಿಲಯದಲ್ಲಿ ಬೆಳೆದ, ಒಕ್ಕಲುತನದ ಮನೆಯ, ಬೇರೆಯವರು ಕೊಟ್ಟ ಸೈಕಲ್ ತುಳಿಯುವ ಹುಡುಗ ‘ಎಲೈಟ್’. ಮೂರು ಲಕ್ಷದ ಕಾರ್ಬನ್ ಸೈಕಲ್ಲನ್ನು ಕಾರಿನ ಮೇಲೆ ಹೇರಿಕೊಂಡು ಬಂದು ಹೋಮ್‌ಸ್ಟೇಯಲ್ಲಿ ಇಳಿಯುವವರು ‘ಹವ್ಯಾಸಿ’.

ಇದು ಪರಿಣತಿಯ ವಿಂಗಡಣೆ, ದುಡ್ಡಿನದಲ್ಲ ಎನ್ನುತ್ತಾರೆ ಸಂಘಟಕರು. ಏರಿನಲ್ಲಿ ಆ ಮಾತು ಒಪ್ಪೋಣ, ಅಲ್ಲಿ ಕಾಲಿನ ಬಲವೇ ನಡೆಯುತ್ತದೆ. ಉರುಳುಗಲ್ಲಿನ ಇಳಿಜಾರಿಗೆ ಬಂದಾಗ ಹಿಂದೆ ಮುಂದೆ ಸಸ್ಪೆನ್ಷನ್ ಇದ್ದವನು ಬ್ರೇಕ್ ಮುಟ್ಟದೆ ಹೋಗುತ್ತಾನೆ. ನನ್ನ ಸೈಕಲ್ಲಿನ ಹಿಂಗಾಲಿ ಕಲ್ಲಿಂದ ಕಲ್ಲಿಗೆ ಕುಪ್ಪಳಿಸುತ್ತದೆ. ಇನ್ನು ಸೇಡಂನಿಂದ ಅಷ್ಟು ದೂರ ಸೈಕಲ್ ಬಿಚ್ಚಿ, ಕಟ್ಟಿ, ಸಾಗಿಸುವ ಖರ್ಚು ಪ್ರವೇಶ ಶುಲ್ಕವನ್ನೂ ಮೀರುತ್ತದೆ. ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್ ಯಾವ ತಿಂಗಳು ಬಂದೀತು ಎಂಬುದು ಬೇರೆಯೇ ಪುರಾಣ, ಬಿಡಿ.

ಈ ಆಟ ಹುಟ್ಟಿದ್ದು ಮಾತ್ರ ಹಳೇ ಸೈಕಲ್ಲುಗಳ ಮೇಲೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು ದಪ್ಪ ಟೈರಿನ, ಭಾರದ ಹಳೇ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟಿದರು. ಒಂದು ಇಳಿತಕ್ಕೇ ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸ್ ಕಾದು ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ಹಾಗಾಗಿ ಆ ರೇಸಿಗೆ ‘ರಿಪ್ಯಾಕ್’ ಎಂದೇ ಹೆಸರಾಯಿತು. ಇಪ್ಪತ್ತು ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಆಟ ಒಲಿಂಪಿಕ್ಸ್ ಸೇರಿತು. ಗುಜರಿಯಿಂದ ಶುರುವಾದ ಆಟಕ್ಕೆ ಈಗ ನಮ್ಮಲ್ಲಿ ಲಕ್ಷದ ಬಾಗಿಲು.

ನಮ್ಮ ಹುಡುಗರಿಗೆ ಸೈಕಲ್ ಇರಲಿಲ್ಲವೇ? 2006-07ರಿಂದ ಎಷ್ಟೋ ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಗೇರಿಲ್ಲದ ಆ ಸೈಕಲ್ಲಿನಲ್ಲಿ ಕೋಡ್ಲಾದ ಮಕ್ಕಳು ಸಿಮೆಂಟ್ ಲಾರಿಗಳ ಧೂಳು ಕುಡಿಯುತ್ತ, ಮುಂದೊಬ್ಬರು ಹಿಂದೊಬ್ಬರು ಕೂತು ಓಡಾಡಿದ್ದಾರೆ. ನನ್ನ ಸೈಕಲ್ ಕಂಡರೆ ಅವರು ಮೊದಲು ಬೆಲೆ ಕೇಳುವುದಿಲ್ಲ. “ಅಣ್ಣಾ, ಒಂದ್ ಸುತ್ತು ಕೊಡ್ತೀರೇನ್ರಿ?” ಎನ್ನುತ್ತಾರೆ. ಹವ್ಯಾಸ ಅಂದರೆ ನನಗೆ ಇದು.

ನಿಮ್ಮ ಕಡೆ ಬೆಟ್ಟ ಎಲ್ಲಿದೆ ಎಂದು ಒಬ್ಬ ಸಂಘಟಕರು ನಕ್ಕರು. ಬಯಲುಸೀಮೆಯ ಗದಗದಲ್ಲೇ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ ನಡೆದಿದೆ. ನಮ್ಮಲ್ಲಿ ಶಹಾಬಾದಿನ ಪರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳಿವೆ: ಪದರು ಪದರಾಗಿ ಕಡಿದ ಮೆಟ್ಟಿಲು, ಪಕ್ಕದಲ್ಲಿ ತ್ಯಾಜ್ಯ ಸುರಿದ ಗುಡ್ಡೆ. ಜಿಗಿಯುವುದಕ್ಕೆ, ತಿರುವಿಗೆ, ಏರಿಗೆ ಎಲ್ಲವೂ ಅಲ್ಲೇ ಉಂಟು. ಚಿಂಚೋಳಿಯ ಕಾಡಿಗೆ ಮಾತ್ರ ಇವರು ಬರುವುದು ಬೇಡ. ಅದು 2011ರಿಂದ ವನ್ಯಜೀವಿಧಾಮ, ತೋಳ, ಕತ್ತೆಕಿರುಬಗಳ ಜಾಗ. ಕಾಡು ಕಂಡರೆ ಸಾಕು ಬ್ಯಾನರ್ ಕಟ್ಟುವ ಚಟ ನಮ್ಮ ಉತ್ಸವಗಳಿಗಿದೆ.

ಹಣ? ಜಿಲ್ಲಾ ಖನಿಜ ನಿಧಿ 2015ರ ಕಾಯ್ದೆ ತಿದ್ದುಪಡಿಯಿಂದ ಬಂದದ್ದು, ಗಣಿಗಾರಿಕೆಯ ಬಾಧೆಗೆ ಸಿಕ್ಕ ಜನರ ಹಿತಕ್ಕೆಂದೇ. ನೀರು ನಿಂತ ಹೊಂಡಗಳಿಗೆ ಮೊದಲು ಬೇಲಿ ಹಾಕಲಿ. ಆಮೇಲೆ ಒಂದು ಖಣಿಯಲ್ಲಿ ಎರಡು ಕಿಲೋಮೀಟರಿನ ದಾರಿ, ಬಾಡಿಗೆಗೆ ಇಪ್ಪತ್ತು ಸೈಕಲ್, ಹೆಲ್ಮೆಟ್ಟು, ಪಂಕ್ಚರ್ ಹಾಕುವ ಒಬ್ಬ ಮೇಸ್ತ್ರಿ. ರೇಸಿನಲ್ಲಿ ಗೇರಿಲ್ಲದ ಸೈಕಲ್ಲಿಗೆ ಪ್ರತ್ಯೇಕ ವಿಭಾಗ, ಹುಡುಗಿಯರಿಗೂ. ಆ ವಿಭಾಗದ ಬಹುಮಾನ ಉಳಿದವುಗಳಿಗಿಂತ ಒಂದು ರೂಪಾಯಿಯೂ ಕಡಿಮೆ ಇರಬಾರದು. ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ: ಖಣಿಗೆ ಹೋಗುವ ದಾರಿಯ ಎರೆಮಣ್ಣು ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿ ಗಾಲಿ ತಿರುಗುವುದೇ ಇಲ್ಲ, ಮೂರು ಲಕ್ಷದ್ದಾದರೂ ಹೆಗಲ ಮೇಲೆ ಹೊರಬೇಕು. ತೊಗರಿ ರಾಶಿ ಮುಗಿದ ಮೇಲೆ ಬನ್ನಿ.