ನೆಲದವರ ಪಾಲಿನ ಆಕಾಶ

2021ರ ಆಗಸ್ಟ್ 25ರಂದು ಭಾರತದ ಡ್ರೋನ್ ನಿಯಮಗಳು ಪ್ರಕಟವಾದಾಗ ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್ ದಾಳಿ ನಡೆದು ಎರಡು ತಿಂಗಳೂ ತುಂಬಿರಲಿಲ್ಲ. ಆದರೂ ಸರ್ಕಾರ ಅದೇ ವರ್ಷದ ಮಾರ್ಚ್‌ನಲ್ಲಿ ತಂದಿದ್ದ ಬಿಗಿ ನಿಯಮಗಳನ್ನು ಕೈಬಿಟ್ಟು, ಅರ್ಜಿ ನಮೂನೆಗಳನ್ನು 25ರಿಂದ 5ಕ್ಕೆ ಇಳಿಸಿ, ಹಸಿರು ವಲಯದಲ್ಲಿ, ಎಂದರೆ ಪೂರ್ವಾನುಮತಿ ಬೇಡದ ಪ್ರದೇಶದಲ್ಲಿ, 400 ಅಡಿ ಎತ್ತರದವರೆಗೆ ಹಾರಾಟಕ್ಕೆ ದಾರಿ ಬಿಟ್ಟಿತು. ಕೃಷಿ ಮತ್ತು ಭೂಮಾಪನದಂಥ ಕೆಲಸಗಳ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರವೇ.

ಆದರೆ ಹಾರಿಸುವವರ ಅನುಕೂಲವನ್ನು ಇಷ್ಟು ಮುತುವರ್ಜಿಯಿಂದ ನೋಡಿಕೊಂಡ ಈ ನಿಯಮಾವಳಿ, ಕೆಳಗೆ ಬದುಕುವವರ ವಿಷಯ ಬಂದಾಗ ಬೇರೆ ಕಾನೂನಿನ ಬಾಗಿಲು ತಟ್ಟುತ್ತದೆ. ಡ್ರೋನ್ ಬಿದ್ದು ದಾರಿಹೋಕರಿಗೆ ಪೆಟ್ಟಾದರೆ ಪರಿಹಾರ ಒದಗಿಸಬೇಕಾದ ಮೂರನೇ ವ್ಯಕ್ತಿ ವಿಮೆಗೆ 1988ರ ಮೋಟಾರು ವಾಹನ ಕಾಯ್ದೆಯ ಉಪಬಂಧಗಳನ್ನೇ, ಅಗತ್ಯ ಮಾರ್ಪಾಡುಗಳೊಂದಿಗೆ, ಅನ್ವಯಿಸಲಾಗಿದೆ. 250 ಗ್ರಾಂ ಮೀರದ ನ್ಯಾನೋ ಡ್ರೋನ್‌ಗೆ ಆ ವಿಮೆಯೂ ಕಡ್ಡಾಯವಲ್ಲ. ಹೀಗಾಗಿ ಒಂದೇ ಯಂತ್ರವು ಹಾರುವಾಗ ವಿಮಾನವೆನಿಸಿ, ಬಿದ್ದಾಗ ಲಾರಿಯೆನಿಸುತ್ತದೆ. ರಸ್ತೆ ಅಪಘಾತದಲ್ಲಿ ನಂಬರ್ ಪ್ಲೇಟು, ಚಾಲಕ, ಸಾಕ್ಷಿಗಳು ಸ್ಥಳದಲ್ಲೇ ಸಿಗಬಹುದು. ಡ್ರೋನ್ ನಡೆಸುವವನಾದರೋ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಇರಬಲ್ಲನು. ಮನೆಯಂಗಳದ ಮೇಲೆ ಸುಳಿದಾಡುವ ಕ್ಯಾಮೆರಾದ ಕುರಿತಂತೂ ಈ ನಿಯಮಗಳಲ್ಲಿ ಸಮರ್ಪಕ ರಕ್ಷಣೆ ಕಾಣದು.

ಪ್ರಯಾಣಿಕರನ್ನು ಹೊತ್ತು ನೇರವಾಗಿ ಮೇಲೇರಿ ಇಳಿಯುವ ವಿದ್ಯುತ್ ವಿಮಾನಗಳು, ಅಂದರೆ ಏರ್ ಟ್ಯಾಕ್ಸಿಗಳು, ಬಂದಾಗ ಈ ಕೊರತೆ ಇನ್ನಷ್ಟು ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿಯೇ ಸರಳಾ ಏವಿಯೇಷನ್ ಅಂಥ ವಿಮಾನವನ್ನು ರೂಪಿಸುತ್ತಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಇವುಗಳ ಹಾರಾಟ ಯೋಗ್ಯತೆಗೂ, ಇಳಿದಾಣಗಳಾದ ವರ್ಟಿಪೋರ್ಟ್‌ಗಳಿಗೂ ಮಾನದಂಡಗಳನ್ನು 2024ರಲ್ಲಿ ಹೊರಡಿಸಿತು. 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಇವೆಲ್ಲ ಕೇಂದ್ರದ ಕೈಯಲ್ಲೇ ಇವೆ: ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ವಿಮಾನ ಮತ್ತು ವಾಯುಸಂಚಾರ ಕೇಂದ್ರ ಪಟ್ಟಿಗೆ ಸೇರಿದ ವಿಷಯ. ಡ್ರೋನ್ ನಿಯಮಗಳಲ್ಲಿ ರಾಜ್ಯಕ್ಕೆ ಹಾರಾಟವನ್ನು ತಾತ್ಕಾಲಿಕವಾಗಿ ತಡೆಯುವ ಅಧಿಕಾರವೇನೋ ಉಂಟು, ಆದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯವರು ಸಾರಬಹುದಾದ ಅಂಥ ತಾತ್ಕಾಲಿಕ ಕೆಂಪು ವಲಯ ಒಂದು ಬಾರಿಗೆ 96 ಗಂಟೆ ಮೀರುವಂತಿಲ್ಲ. ಹೀಗಿರುವಾಗ ಆಸ್ಪತ್ರೆ, ಶಾಲೆ, ವಸತಿ ಬಡಾವಣೆಗಳ ನೆತ್ತಿಯ ಮೇಲೆ ದಿನವಿಡೀ ಸಾಗುವ ಏರ್ ಟ್ಯಾಕ್ಸಿ ಮಾರ್ಗವನ್ನು ಗುರುತಿಸುವಾಗ ಪಾಲಿಕೆಯ ಅಭಿಪ್ರಾಯ ಕೇಳುವುದು ಔಪಚಾರಿಕತೆಯಾಗದೆ ಕಾನೂನಿನ ಷರತ್ತಾಗಬೇಕು. ಸದ್ದಿನ ಮಿತಿಯನ್ನೂ ಹಾರಾಟದ ವೇಳೆಯನ್ನೂ ಪರವಾನಗಿಯಲ್ಲೇ ಬರೆಯಬೇಕು, ಮೊದಲ ವರ್ಟಿಪೋರ್ಟ್‌ಗೆ ಜಾಗ ಮಂಜೂರಾಗುವುದಕ್ಕೆ ಮುನ್ನವೇ.